ಆಯಾ, ವಾರ್ಡ್ ಬಾಯ್, ಅಟೆಂಡರ್: ಆಸ್ಪತ್ರೆಯಲ್ಲಿ ಇವರ ಕೆಲಸ ಯಾವುದು, ಯಾವುದಲ್ಲ?

"ಅಟೆಂಡರ್ ಯಾರ್ರೀ ಇಲ್ಲಿ?"

ಕಲಬುರಗಿಯ ಒಂದು ಆಸ್ಪತ್ರೆಯ ವಾರ್ಡಿನಲ್ಲಿ ರಾತ್ರಿ ಎರಡರ ಹೊತ್ತಿಗೆ ಸಿಸ್ಟರ್ ಹೀಗೆ ಕೂಗಿದಾಗ ಇಬ್ಬರು ಎದ್ದೆವು. ಒಬ್ಬ ನಾನು, ಲಕ್ವಾ ಹೊಡೆದು ಮಲಗಿದ್ದ ನಮ್ಮ ಕಾಕಾನ ಹತ್ತಿರ ಕೂತಿದ್ದವನು. ಇನ್ನೊಬ್ಬರು ಬಾಗಿಲ ಬದಿಯ ಸ್ಟೂಲಿನ ಮೇಲೆ ತೂಕಡಿಸುತ್ತಿದ್ದ ಆಯಾ, ಆಸ್ಪತ್ರೆಯ ಸಿಬ್ಬಂದಿ. ನಮ್ಮ ಕಡೆ ರೋಗಿಯ ಜೊತೆ ಬಂದವರಿಗೂ ಅಟೆಂಡರ್ ಅಂತಾರೆ, ವಾರ್ಡಿನ ಸಹಾಯಕರಿಗೂ ಅಟೆಂಡರ್ ಅಂತಾರೆ. ವಾರ್ಡಿನ ಅರ್ಧ ಜಗಳ ಹುಟ್ಟುವುದು ಈ ಒಂದು ಹೆಸರಿನಿಂದಲೇ. ಬೆಡ್ ಪ್ಯಾನ್ ಯಾರು ಕೊಡಬೇಕು, ಸ್ಕ್ಯಾನಿಂಗಿಗೆ ಯಾರು ಕರೆದೊಯ್ಯಬೇಕು, ಸಲೈನ್ ಮುಗಿದರೆ ಯಾರನ್ನು ಎಬ್ಬಿಸಬೇಕು ಅಂತ ಹಳ್ಳಿಯಿಂದ ಬಂದವರಿಗೆ ಯಾರೂ ಹೇಳಿರುವುದಿಲ್ಲ.

ಆಳಂದ, ಅಫಜಲಪುರ, ಜೇವರ್ಗಿ, ಚಿಂಚೋಳಿಯಿಂದ ಗಂಭೀರ ಕಾಯಿಲೆಯವರು ಕಲಬುರಗಿಗೆ ಬರುವುದು ಹೊಸದಲ್ಲ. ಆದರೆ ಈಗ ಬರುವ ಜಾಗಗಳು ಹೆಚ್ಚಾಗಿವೆ. ಜಿಮ್ಸ್ ಅನ್ನುವ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ, ಸೇಡಂ ರಸ್ತೆಯಲ್ಲಿ ಇಎಸ್‌ಐ ಆಸ್ಪತ್ರೆ ಇದೆ, 2024ರ ಡಿಸೆಂಬರ್‌ನಲ್ಲಿ 371 ಹಾಸಿಗೆಯ ಜಯದೇವ ಹೃದ್ರೋಗ ಆಸ್ಪತ್ರೆ ಉದ್ಘಾಟನೆಯಾಯಿತು. ಬೀದರಿನಲ್ಲೂ ಯಾದಗಿರಿಯಲ್ಲೂ ಸರ್ಕಾರಿ ವೈದ್ಯಕೀಯ ಕಾಲೇಜುಗಳಾಗಿವೆ. ಹಾಸಿಗೆ ಹೆಚ್ಚಾದಷ್ಟೂ ಹಾಸಿಗೆಯ ಪಕ್ಕ ನಿಲ್ಲುವ ಕೈಗಳು ಬೇಕು. ಆ ಕೆಲಸಕ್ಕೆ ತರಬೇತಿ ಕೊಡುತ್ತೇವೆ ಅನ್ನುವ ಬೋರ್ಡುಗಳೂ ಊರ ತುಂಬ ಕಾಣುತ್ತವೆ. ಹತ್ತನೇ ಕ್ಲಾಸ್ ಮುಗಿಸಿದ ನಮ್ಮ ಓಣಿಯ ಹುಡುಗಿಯೊಬ್ಬಳು "ಅಣ್ಣಾ, ಈ ಹೆಲ್ತ್ ಕೇರ್ ಅಸಿಸ್ಟೆಂಟ್ ಅಂದ್ರ ನರ್ಸೇ ಏನ್ರಿ?" ಅಂತ ಕೇಳಿದ್ದಳು. ಅಲ್ಲ. ಏನು ಅನ್ನುವುದನ್ನು ಮೊದಲಿಂದ ನೋಡೋಣ.

ಕೆಲಸ ಒಂದು, ಹೆಸರು ಹತ್ತು

ರೋಗಿ ತಾನಾಗಿ ಮಾಡಿಕೊಳ್ಳಲು ಆಗದ ದಿನನಿತ್ಯದ ಕೆಲಸಗಳನ್ನು ನರ್ಸ್ ಹೇಳಿದಂತೆ ಮಾಡಿಕೊಡುವವರೇ ಆರೋಗ್ಯ ಸಹಾಯಕರು. ಮೈ ಒರೆಸುವುದು, ಹಲ್ಲುಜ್ಜಿಸುವುದು, ಮಗ್ಗಲು ಹೊಳ್ಳಿಸುವುದು, ತಿನ್ನಿಸುವುದು, ಬೆಡ್ ಪ್ಯಾನ್ ಕೊಟ್ಟು ತೆಗೆಯುವುದು, ಹಾಸಿಗೆ ಬದಲಿಸುವುದು, ಗಾಲಿಕುರ್ಚಿಯಲ್ಲೋ ಸ್ಟ್ರೆಚರಿನಲ್ಲೋ ಕರೆದೊಯ್ಯುವುದು, ರಕ್ತದ ಸ್ಯಾಂಪಲ್ ಲ್ಯಾಬಿಗೆ ಮುಟ್ಟಿಸುವುದು ಎಲ್ಲ ಇದರಲ್ಲಿ ಬರುತ್ತದೆ.

ಸರ್ಕಾರಿ ಆಸ್ಪತ್ರೆಯಲ್ಲಿ ಇವರನ್ನು ಡಿ ಗ್ರೂಪ್ ಅನ್ನುತ್ತಾರೆ. ಜನ ಆಯಾ, ವಾರ್ಡ್ ಬಾಯ್ ಅನ್ನುತ್ತಾರೆ. ಕೌಶಲ ತರಬೇತಿಯ ಸರ್ಟಿಫಿಕೇಟಿನಲ್ಲಿ ಜನರಲ್ ಡ್ಯೂಟಿ ಅಸಿಸ್ಟೆಂಟ್ ಅಂತಿರುತ್ತದೆ, ಬಾಯಿಮಾತಿನಲ್ಲಿ ಜಿಡಿಎ. ಹೆಲ್ತ್ ಕೇರ್ ಅಸಿಸ್ಟೆಂಟ್ ಅನ್ನುವುದು ಬ್ರಿಟನ್ನಿನಿಂದ ಬಂದ ಹೆಸರು. ಅಲ್ಲಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಇದು ನರ್ಸಿನದಲ್ಲದ, ಪ್ರತ್ಯೇಕ ಹುದ್ದೆ. ಇವರ ತರಬೇತಿ ಒಂದೇ ಹದದಲ್ಲಿ ಇಲ್ಲ ಅಂತ 2013ರಲ್ಲಿ ಅಲ್ಲಿನ ಸರ್ಕಾರ ಮಾಡಿಸಿದ ಕ್ಯಾವೆಂಡಿಶ್ ವರದಿ ಹೇಳಿದ ಮೇಲೆ, 2015ರಿಂದ ಇಂಗ್ಲೆಂಡಿನಲ್ಲಿ ಹೊಸದಾಗಿ ಸೇರುವವರಿಗೆ 15 ವಿಷಯಗಳ ಕೇರ್ ಸರ್ಟಿಫಿಕೇಟ್ ಶುರುವಾಯಿತು.

ಆಶಾ ಕಾರ್ಯಕರ್ತೆ ಇವರಲ್ಲ, ಅವರ ಕೆಲಸ ಊರಲ್ಲಿ, ಮನೆ ಮನೆಗೆ. ನೆಲ ಒರೆಸುವ ಹೌಸ್‌ಕೀಪಿಂಗಿನವರೂ ಹೆಸರಿಗೆ ಬೇರೆ. ಸಣ್ಣ ಆಸ್ಪತ್ರೆಗಳಲ್ಲಿ ಮಾತ್ರ ಒಬ್ಬರೇ ಎರಡೂ ಮಾಡುತ್ತಿರುತ್ತಾರೆ. ಅಂಥ ಕಡೆ ಅವರು ನೆಲ ಒರೆಸಿದ ಕೈಯನ್ನು ಸಾಬೂನು ಹಚ್ಚಿ ತೊಳೆದೇ ರೋಗಿಯನ್ನು ಮುಟ್ಟುತ್ತಾರಾ ಅಂತ ನೀವು ಗಮನಿಸಬಹುದು. ಸಾಬೂನು ನೀರಿನಲ್ಲಿ ತೊಳೆಯಲು 40ರಿಂದ 60 ಸೆಕೆಂಡ್, ಸ್ಯಾನಿಟೈಸರ್ ಆದರೆ 20ರಿಂದ 30 ಸೆಕೆಂಡ್ ಬೇಕು.

ನರ್ಸ್ ಯಾರು, ಸಹಾಯಕರು ಯಾರು

ಲಾರಿ ಹಿಂದಕ್ಕೆ ತೆಗೆಯುವುದನ್ನು ನೋಡಿರುತ್ತೀರಿ. ಸ್ಟೇರಿಂಗ್ ಡ್ರೈವರನ ಕೈಯಲ್ಲಿ. ಕ್ಲೀನರ್ ಇಳಿದು ಹಿಂದೆ ನಿಂತು "ಬರ್ಲಿ, ಬರ್ಲಿ... ಹಾ, ಬಸ್" ಅಂತ ಲಾರಿಯ ಮೈ ಬಡಿಯುತ್ತಾನೆ. ಡ್ರೈವರನಿಗೆ ಕಾಣದ್ದು ಅವನಿಗೆ ಕಾಣುತ್ತದೆ. ಹಾಗಂತ ಅವನು ಹತ್ತಿ ಸ್ಟೇರಿಂಗ್ ಹಿಡಿಯುವಂತಿಲ್ಲ. ಅವನು ಬಡಿಯದೆ ಹೋದರೆ ಡ್ರೈವರ್ ಎಷ್ಟೇ ಜಾಣನಾದರೂ ಲಾರಿ ಗೋಡೆಗೆ ಹೋಗುತ್ತದೆ. ವಾರ್ಡಿನಲ್ಲಿ ಸಹಾಯಕರ ಮತ್ತು ನರ್ಸಿನ ಸಂಬಂಧ ಹೆಚ್ಚು ಕಡಿಮೆ ಇಂಥದ್ದು.

ನರ್ಸ್ ಆಗಲು ಜಿಎನ್‌ಎಂ ಡಿಪ್ಲೊಮಾಕ್ಕೆ 3 ವರ್ಷ, ಬಿ.ಎಸ್ಸಿ ನರ್ಸಿಂಗಿಗೆ 4 ವರ್ಷ ಓದಬೇಕು. ಆಮೇಲೆ ರಾಜ್ಯ ನರ್ಸಿಂಗ್ ಕೌನ್ಸಿಲ್ಲಿನಲ್ಲಿ ಹೆಸರು ನೋಂದಾಯಿಸಬೇಕು. ಸಹಾಯಕರ ತರಬೇತಿ ಕೆಲವು ತಿಂಗಳದ್ದು. ಎಷ್ಟೋ ಜನ ಅದೂ ಇಲ್ಲದೆ, ಹಿರಿಯ ಆಯಾಗಳ ಜೊತೆ ನಿಂತು ನೋಡಿ ಕಲಿತವರು. ಹಾಗೆ ಕಲಿತವರಲ್ಲಿ ಭಾರೀ ನುರಿತ ಕೈಗಳೂ ಇವೆ, ತಪ್ಪನ್ನೇ ಇಪ್ಪತ್ತು ವರ್ಷ ಮಾಡಿಕೊಂಡು ಬಂದ ಕೈಗಳೂ ಇವೆ.

ಇಂಜೆಕ್ಷನ್, ಗುಳಿಗೆ, ಸಲೈನ್ ಬಾಟಲಿ ಬದಲಿಸುವುದು, ಮೂಗಿನ ನಳಿಕೆಯಿಂದ ಊಟ ಹಾಕುವುದು, ಆಕ್ಸಿಜನ್ ಹೆಚ್ಚು ಕಡಿಮೆ ಮಾಡುವುದು ಯಾವುದೂ ಸಹಾಯಕರ ಕೆಲಸವಲ್ಲ. ರಿಪೋರ್ಟ್ ಓದಿ ಅರ್ಥ ಹೇಳುವುದೂ ಅಲ್ಲ. ಇದರಲ್ಲಿ ಜನ ಹೆಚ್ಚು ಒತ್ತಾಯ ಮಾಡುವುದು ಸಲೈನಿನ ವಿಷಯಕ್ಕೆ. ನಡುರಾತ್ರಿ ಬಾಟಲಿ ಖಾಲಿಯಾಗುತ್ತದೆ, ಸಿಸ್ಟರ್ ಇನ್ನೊಂದು ಬೆಡ್ಡಿನ ಹತ್ತಿರ, ಎದುರಿಗೆ ಆಯಾ. "ಯಕ್ಕಾ, ನೀವೇ ಹಚ್ಚಿಬಿಡ್ರಿ, ನಿಮಗ ಬರ್ತದಲ್ಲ." ಬರುತ್ತದೆ, ನೂರು ಸಲ ನೋಡಿರುತ್ತಾರೆ. ಆದರೆ ಬಾಟಲಿಗಳೆಲ್ಲ ನೋಡಲು ಒಂದೇ. ಕೆಲವದರಲ್ಲಿ ಔಷಧಿ ಕೂಡಿಸಿರುತ್ತಾರೆ, ಅದು ಇಂತಿಷ್ಟೇ ವೇಗದಲ್ಲಿ ಹನಿಯಬೇಕು. ಪೊಟ್ಯಾಸಿಯಂ ಕೂಡಿಸಿದ ಬಾಟಲಿಯನ್ನು ಸರಾಗ ಬಿಟ್ಟರೆ ಹೃದಯದ ಬಡಿತವೇ ನಿಲ್ಲಬಹುದು. ಅದಕ್ಕೇ ಆಯಾ "ನಾ ಮುಟ್ಟಂಗಿಲ್ರಿ" ಅಂದರೆ ಅದು ಸೊಕ್ಕಲ್ಲ. ಹನಿ ಬೀಳುವುದು ನಿಂತಿದೆ, ಸೂಜಿ ಹಾಕಿದ ಜಾಗ ಊದಿದೆ ಅಂತ ಓಡಿಹೋಗಿ ಹೇಳುವುದು ಮಾತ್ರ ಖಂಡಿತ ಅವರ ಕೆಲಸ.

ಎರಡು ತಾಸಿಗೊಮ್ಮೆ ಮಗ್ಗಲು ಯಾಕೆ?

ಈ ಭಾಗ ಉದ್ದವಾಗುತ್ತದೆ. ಉಳಿದದ್ದು ಮರೆತರೂ ಇದೊಂದು ನೆನಪಿರಲಿ, ಯಾಕೆಂದರೆ ಡಿಸ್ಚಾರ್ಜ್ ಆದಮೇಲೆ ಈ ಕೆಲಸ ಮನೆಯವರ ಕೊರಳಿಗೇ ಬರುತ್ತದೆ.

ಎತ್ತಿನ ಹೆಗಲ ಮೇಲೆ ನೊಗ ಕೂತು ಕೂತು ಹುಣ್ಣಾಗುವುದು ಒಕ್ಕಲುತನದವರಿಗೆ ಗೊತ್ತು. ಹಾಸಿಗೆ ಹುಣ್ಣು, ಅಂದರೆ ಬೆಡ್ ಸೋರ್, ಆಗುವುದೂ ಹಾಗೇ. ಇಲ್ಲಿ ನೊಗ ನಮ್ಮದೇ ಎಲುಬು. ಒಳಗಿಂದ ಎಲುಬು, ಹೊರಗಿಂದ ಹಾಸಿಗೆ, ನಡುವೆ ಸಿಕ್ಕ ಚರ್ಮ ಮತ್ತು ಮಾಂಸ. ನಿಮ್ಮ ಉಗುರನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿಯಿರಿ, ಬೆಳ್ಳಗಾಗುತ್ತದೆ. ಅಲ್ಲಿಂದ ರಕ್ತ ಸರಿದಿದೆ. ಬಿಟ್ಟ ಕೂಡಲೇ ವಾಪಸ್ ಬರುತ್ತದೆ. ಬಿಡದೇ ಗಂಟೆಗಟ್ಟಲೆ ಒತ್ತಿದರೆ ಆ ಜಾಗದ ಮಾಂಸ ಉಸಿರಿಲ್ಲದೆ ಸಾಯುತ್ತದೆ. ನಾವು ನಿದ್ದೆಯಲ್ಲೂ ಗೊತ್ತಿಲ್ಲದೆ ಹೊರಳಾಡುತ್ತೇವೆ, ಅದರಿಂದ ಬದುಕಿಕೊಳ್ಳುತ್ತೇವೆ. ಲಕ್ವಾ ಹೊಡೆದವರು, ಸೊಂಟ ಮುರಿದವರು, ಎಚ್ಚರ ಇಲ್ಲದವರು ಹೊರಳುವುದಿಲ್ಲ. ಅವರ ಬದಲಿಗೆ ಬೇರೆಯವರು ಹೊರಳಿಸಬೇಕು. ವಾರ್ಡುಗಳಲ್ಲಿ ಸಾಮಾನ್ಯವಾಗಿ 2 ತಾಸಿಗೊಮ್ಮೆ ಅನ್ನುವ ಲೆಕ್ಕ ಬಂದಿರುವುದು ಇದಕ್ಕೆ.

ಹುಣ್ಣು ಹಿಡಿಯುವ ಜಾಗಗಳು ಹೆಚ್ಚು ಕಡಿಮೆ ಎಲ್ಲರಲ್ಲೂ ಅವೇ: ಸೊಂಟದ ಕೆಳಗೆ ಕುಂಡಿಯ ಎಲುಬು, ಹಿಮ್ಮಡಿ, ತೊಡೆಯ ಬದಿಯ ಎಲುಬು, ಮೊಣಕೈ, ತಲೆಯ ಹಿಂಭಾಗ. ಕೆಂಪಾದ ಜಾಗ ಒತ್ತಿದರೂ ಬೆಳ್ಳಗಾಗದಿದ್ದರೆ ಹುಣ್ಣು ಶುರುವಾಗಿದೆ ಅಂತ ಪುಸ್ತಕ ಹೇಳುತ್ತದೆ. ನಮ್ಮ ಕಪ್ಪು ಚರ್ಮದಲ್ಲಿ ಕೆಂಪು ಸರಿಯಾಗಿ ಕಾಣುವುದೇ ಇಲ್ಲ. ಅನುಭವಸ್ಥ ಆಯಾಗಳು ಕಣ್ಣಿಗಿಂತ ಅಂಗೈಯನ್ನು ನಂಬುತ್ತಾರೆ. ಸುತ್ತಲಿನ ಚರ್ಮಕ್ಕಿಂತ ಬಿಸಿ ಇದೆಯಾ, ಗಟ್ಟಿ ಇದೆಯಾ, ಮುಟ್ಟಿದರೆ ರೋಗಿ ಮುಖ ಕಿವುಚುತ್ತಾರಾ? ಅಂಥ ಜಾಗಕ್ಕೆ ಎಣ್ಣೆ ಹಚ್ಚಿ ತಿಕ್ಕಬೇಕು ಅಂತ ನಮ್ಮ ಮನೆಯಲ್ಲಿ ಎಲ್ಲರೂ ಹೇಳಿದರು. ತಿಕ್ಕಬಾರದು. ಒಳಗೆ ಆಗಲೇ ಜಖಂ ಆದ ಮಾಂಸ ಇನ್ನಷ್ಟು ಹರಿಯುತ್ತದೆ.

ಕಲಬುರಗಿಯ ಬೇಸಿಗೆ ಇದಕ್ಕೆ ಇನ್ನೊಂದು ಕಷ್ಟ ಸೇರಿಸುತ್ತದೆ. ಮೇ ತಿಂಗಳಲ್ಲಿ 42 ಡಿಗ್ರಿ ದಾಟಿದಾಗ ರೆಗ್ಜಿನ್ ಹಾಸಿಗೆಯ ಮೇಲೆ ಬೆನ್ನು ಬೆವೆತು ಅಂಟುತ್ತದೆ. ಒದ್ದೆ ಚರ್ಮ ನೆನೆದ ಕಾಗದದ ಹಾಗೆ, ಸ್ವಲ್ಪ ಎಳೆದರೆ ಕಿತ್ತುಬರುತ್ತದೆ. ತಲೆಯ ಕಡೆ ಹಾಸಿಗೆ ಬಹಳ ಎತ್ತಿದಾಗ ರೋಗಿ ನಿಧಾನ ಕೆಳಗೆ ಜಾರುತ್ತಾರಲ್ಲ, ಆಗಲೂ ಇದೇ ಆಗುತ್ತದೆ: ಎಲುಬು ಜಾರುತ್ತದೆ, ಚರ್ಮ ಹಾಸಿಗೆಗೆ ಅಂಟಿಕೊಂಡು ಅಲ್ಲೇ ಉಳಿಯುತ್ತದೆ.

ಇದನ್ನು ಮಾಡುವ ಕೈ ಹೇಗಿರುತ್ತದೆ ಅಂತ ನಾನು ನೋಡಿದ್ದು ಮೂರನೇ ದಿನ ಬೆಳಿಗ್ಗೆ. ಕಾಕಾ ಎಂಬತ್ತು ಕಿಲೋ ಆಳು. ನಾನೂ ನನ್ನ ತಮ್ಮನೂ ಅವನನ್ನು ಎತ್ತಲು ಹೋಗಿ ಏದುಸಿರು ಬಿಟ್ಟಿದ್ದೆವು. ಆಯಾ ಅಂದರೆ ಒಣಕಲು ಮೈಯ, ಐವತ್ತು ದಾಟಿದ ಹೆಂಗಸು. ಮೊದಲು ಪರದೆ ಎಳೆದರು. "ಕಾಕಾ, ನಿಮ್ಮನ್ನ ನನ್ನ ಕಡಿ ಹೊಳ್ಳಸಲತ್ತೀನಿ, ಅಂಜಬ್ಯಾಡ್ರಿ" ಅಂದರು. ಕಾಕಾಗೆ ಮಾತು ಹೋಗಿತ್ತು, ಆದರೂ ಹೇಳಿದರು. ಆಚೆ ಬದಿಯ ಮೊಣಕಾಲು ಮಡಚಿ ನಿಲ್ಲಿಸಿದರು, ಆಚೆ ಕೈಯನ್ನು ಎದೆಯ ಮೇಲೆ ಇಟ್ಟರು. ಒಂದು ಅಂಗೈ ಭುಜದ ಹಿಂದೆ, ಒಂದು ಸೊಂಟದ ಹಿಂದೆ, ತಮ್ಮ ಒಂದು ಕಾಲು ಹಿಂದಿಟ್ಟು ಮೈಭಾರ ಹಿಂದಕ್ಕೆ ಹಾಕಿದರು. ಅಷ್ಟೆ. ಕಾಕಾ ಬಾಗಿಲು ತೆರೆದ ಹಾಗೆ ಹೊಳ್ಳಿಬಿಟ್ಟ. ಮಡಚಿದ ಮೊಣಕಾಲು ಸನಿಕೆಯ ಹಿಡಿಕೆಯ ಹಾಗೆ ಕೆಲಸ ಮಾಡುತ್ತದೆ, ಭಾರ ತಾನೇ ತಿರುಗುತ್ತದೆ.

ಆಮೇಲೆ ಹೊಲಸಾದ ಚಾದರವನ್ನು ಉದ್ದಕ್ಕೆ ಸುತ್ತಿ ಬೆನ್ನಿಗೆ ತಾಗಿಸಿಟ್ಟರು. ಅದರ ಪಕ್ಕಕ್ಕೇ ಹೊಸ ಚಾದರ, ಅರ್ಧ ಹಾಸಿ ಅರ್ಧ ಸುತ್ತಿ. ಕಾಕಾನನ್ನು ಆ ಎರಡು ಸುರುಳಿಯ ದಿಂಡು ದಾಟಿಸಿ ಈಚೆ ಹೊಳ್ಳಿಸಿ, ಹಳೆಯದನ್ನು ಎಳೆದು ತೆಗೆದು ಹೊಸದನ್ನು ಬಿಡಿಸಿದರು. ಸುಕ್ಕು ಒಂದೂ ಇಲ್ಲದಂತೆ ಕೈಯಾಡಿಸಿದರು, ಯಾಕೆಂದರೆ ಚಾದರದ ಸುಕ್ಕೂ ಒಂದು ಸಣ್ಣ ನೊಗವೇ. ಎದೆಗೆ ಒಂದು ದಿಂಬು, ಮೊಣಕಾಲುಗಳ ನಡುವೆ ಒಂದು ದಿಂಬು. ಹಿಮ್ಮಡಿ ಹಾಸಿಗೆಗೆ ತಾಗದಂತೆ ಪಿಂಡಳಿಯ, ಅಂದರೆ ಮೀನಖಂಡದ, ಕೆಳಗೆ ಮಡಚಿದ ಟವೆಲ್.

ನನ್ನ ತಮ್ಮ ಸಹಾಯಕ್ಕೆ ಅಂತ ಕಾಕಾನ ಲಕ್ವಾ ಹೊಡೆದ ಕೈ ಹಿಡಿದು ಎಳೆಯಲು ಹೋದ. ಆಯಾ ಅವನ ಕೈ ಮೇಲೆ ಪಟ್ಟನೆ ಹೊಡೆದರು. ಲಕ್ವಾ ಕೈಯ ಭುಜಕ್ಕೆ ಹಿಡಿದುಕೊಳ್ಳುವ ಸ್ನಾಯುವಿನ ಬಲ ಇರುವುದಿಲ್ಲ. ಎಳೆದರೆ ಕೀಲು ಜಾರುತ್ತದೆ, ಆಮೇಲೆ ತಿಂಗಳುಗಟ್ಟಲೆ ನೋವು.

ಹಗಲು ಹೀಗೆ. ಆ ಆಸ್ಪತ್ರೆಯಲ್ಲಿ ರಾತ್ರಿ ಪಾಳಿಗೆ ಎರಡು ವಾರ್ಡಿಗೆ ಸೇರಿ ಒಬ್ಬರೇ ಸಹಾಯಕರಿದ್ದರು. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಕಾಕಾನನ್ನು ಯಾರೂ ಹೊಳ್ಳಿಸಲಿಲ್ಲ. ಹೊಳ್ಳಿಸಬೇಕು ಅಂತ ನಮಗೂ ಗೊತ್ತಿರಲಿಲ್ಲ. ಐದನೇ ದಿನಕ್ಕೆ ಎಡ ಹಿಮ್ಮಡಿಯಲ್ಲಿ ರೂಪಾಯಿ ಗಾತ್ರದ ಗುಳ್ಳೆ ಎದ್ದಿತ್ತು. ಅದು ಒಣಗಲು ಆಸ್ಪತ್ರೆಯಲ್ಲಿ ಇದ್ದಷ್ಟಕ್ಕಿಂತ ಐದು ಪಟ್ಟು ದಿನ ಬೇಕಾಯಿತು.

ಬಾಯಿಗೆ ಹೋದದ್ದು, ಚೀಲಕ್ಕೆ ಬಂದದ್ದು

ಬೆಡ್ಡಿನ ಕಾಲಿಗೆ ನೇತುಹಾಕಿದ ಒಂದು ಹಾಳೆಯಲ್ಲಿ ಎರಡು ಕಾಲಂ ಇರುತ್ತವೆ. ಒಳಗೆ ಹೋದದ್ದು ಒಂದು: ನೀರು, ಚಾ, ಗಂಜಿ, ಸಲೈನ್. ಹೊರಗೆ ಬಂದದ್ದು ಇನ್ನೊಂದು: ಉಚ್ಚೆ, ವಾಂತಿ, ನಳಿಕೆಯಿಂದ ಇಳಿದದ್ದು. ಕಿರಾಣಿ ಅಂಗಡಿಯ ಜಮಾ ಖರ್ಚಿನ ಹಾಗೆ. ಅಳೆದು ಹೇಳುವವರು ಹೆಚ್ಚಾಗಿ ಸಹಾಯಕರು. ಚೀಲದ ಉಚ್ಚೆಯನ್ನು ಸುಮ್ಮನೆ ಚೆಲ್ಲದೆ ಗೆರೆ ಹಾಕಿದ ಜಗ್ಗಿಗೆ ಬಸಿದು ನೋಡುವುದು ಅದಕ್ಕೇ.

60 ಕಿಲೋ ತೂಕದ ಮನುಷ್ಯನಿಗೆ ತಾಸಿಗೆ ಕನಿಷ್ಠ 30 ಮಿಲಿಲೀಟರ್ ಉಚ್ಚೆ ಆಗಬೇಕು, ನಮ್ಮ ಹೋಟೆಲಿನ ಸಣ್ಣ ಚಾ ಕಪ್ಪಿನ ಅರ್ಧ. ಅದಕ್ಕಿಂತ ಕಡಿಮೆ ತಾಸುಗಟ್ಟಲೆ ಮುಂದುವರಿದರೆ ಮೈಯಲ್ಲಿ ನೀರು ಸಾಲದು, ಇಲ್ಲವೇ ಕಿಡ್ನಿಗೆ ತೊಂದರೆ, ಇಲ್ಲವೇ ನಳಿಕೆ ಮಡಚಿಕೊಂಡಿದೆ. ಯಾವುದು ಅಂತ ಹೇಳುವುದು ಡಾಕ್ಟರ ಕೆಲಸ. ಅವರಿಗೆ ಗೊತ್ತಾಗಬೇಕಾದರೆ ಯಾರೋ ಒಬ್ಬರು ಬಗ್ಗಿ ಚೀಲ ನೋಡಿರಬೇಕು.

ಉಚ್ಚೆ ಚೀಲ ಯಾವಾಗಲೂ ರೋಗಿಯ ಸೊಂಟಕ್ಕಿಂತ ಕೆಳಗೆ ಇರಬೇಕು, ನೆಲಕ್ಕೆ ಮಾತ್ರ ತಾಗಬಾರದು. ಮೇಲೆ ಹೋದರೆ ಚೀಲದಲ್ಲಿದ್ದದ್ದು ವಾಪಸ್ ಒಳಗೆ ಹರಿದು ಸೋಂಕು ಹಚ್ಚುತ್ತದೆ. ರೋಗಿಯನ್ನು ಸ್ಟ್ರೆಚರಿಗೆ ದಾಟಿಸುವಾಗ ಸಂಬಂಧಿಕರು ಪ್ರೀತಿಯಿಂದ ಚೀಲ ಎತ್ತಿ ಹೊಟ್ಟೆಯ ಮೇಲೆ ಇಡುತ್ತಾರೆ. ನಾನೂ ಇಟ್ಟಿದ್ದೆ.

ಊಟದಲ್ಲಿ ಅಪಾಯ ಇರುವುದು ಗಂಟಲಲ್ಲಿ. ಲಕ್ವಾ ಹೊಡೆದವರಿಗೆ ನುಂಗುವ ಶಕ್ತಿಯೂ ಹೋಗಿರಬಹುದು, ಆಗ ತಿಂದದ್ದು ಅನ್ನನಾಳ ಬಿಟ್ಟು ಶ್ವಾಸನಾಳಕ್ಕೆ ಇಳಿದು ನ್ಯುಮೋನಿಯಾ ಆಗುತ್ತದೆ. ನುಂಗಲು ಬರುತ್ತದೆ ಅಂತ ಡಾಕ್ಟರೋ ನರ್ಸೋ ಪರೀಕ್ಷೆ ಮಾಡಿ ಹೇಳುವವರೆಗೆ ಒಂದು ಚಮಚ ನೀರೂ ಬೇಡ. ಕಾಕಾನ ಹೆಂಡತಿ, ನಮ್ಮ ಕಾಕು, ಊರಿಂದ ಹಾಲಿನಲ್ಲಿ ಮೆತ್ತಗೆ ಮುರಿದ ಜೋಳದ ರೊಟ್ಟಿ ತಂದಿದ್ದಳು, "ಎರಡು ದಿನ ಉಪಾಸ ಅದಾನ" ಅಂತ ಕಣ್ಣೀರು. ಆಯಾ ಡಬ್ಬಿ ಮುಚ್ಚಿ ಕಿಟಕಿಯಲ್ಲಿ ಇಟ್ಟರು. ನಾಲ್ಕನೇ ದಿನ ಅನುಮತಿ ಸಿಕ್ಕಮೇಲೆ ನೆಟ್ಟಗೆ ಕೂರಿಸಿ, ಗದ್ದ ಸ್ವಲ್ಪ ಕೆಳಗೆ ಬಾಗಿಸಿ, ಚಮಚದ ತುದಿಯಲ್ಲಿ ಗಟ್ಟಿ ಗಂಜಿ. ಒಂದು ಗುಟುಕು ಇಳಿದದ್ದು ನೋಡಿಯೇ ಇನ್ನೊಂದು. ಕೆಮ್ಮು ಬಂದರೆ, ದನಿ ನೀರು ತುಂಬಿದ ಹಾಗೆ ಗೊರಗೊರ ಅಂದರೆ ನಿಲ್ಲಿಸಿ ಸಿಸ್ಟರಿಗೆ ಹೇಳಬೇಕು. ಉಂಡ ಮೇಲೂ ಅರ್ಧ ತಾಸು ಮಲಗಿಸುವಂತಿಲ್ಲ.

ನೋಡುವುದು, ಹೋಗಿ ಹೇಳುವುದು

ದೊಡ್ಡವರಲ್ಲಿ ನಾಡಿ ನಿಮಿಷಕ್ಕೆ 60ರಿಂದ 100, ಉಸಿರು 12ರಿಂದ 20, ರಕ್ತದ ಆಕ್ಸಿಜನ್ ಸಾಮಾನ್ಯವಾಗಿ 95ಕ್ಕಿಂತ ಮೇಲೆ. ತರಬೇತಾದ ಸಹಾಯಕರು ಇವನ್ನು ಅಳೆಯುವುದು ಕಲಿತಿರುತ್ತಾರೆ, ಏರುಪೇರಾದರೆ ನರ್ಸಿಗೆ ಹೇಳುತ್ತಾರೆ. ಆದರೆ ಯಂತ್ರಕ್ಕೆ ಸಿಗದ್ದು ಕೆಲವು ಇವೆ. ನಿನ್ನೆ ಹೆಸರು ಹೇಳಿದ ಮುದುಕಿ ಇವತ್ತು ಮಗನನ್ನೇ ಗುರುತಿಸುತ್ತಿಲ್ಲ, ಮೈ ಒರೆಸುವಾಗ ಒಂದು ಕಾಲು ಮಾತ್ರ ಊದಿ ಬಿಸಿಯಾಗಿದೆ, ಮಲ ಡಾಂಬರಿನ ಹಾಗೆ ಕಪ್ಪಗಿದೆ. ಬಟ್ಟೆ ಬಿಚ್ಚಿ ಮೈ ಒರೆಸುವವರಿಗೆ ಇದು ಮೊದಲು ಕಾಣುತ್ತದೆ, ರೌಂಡ್ಸಿಗೆ ಬಂದು ಎರಡು ನಿಮಿಷ ನಿಂತು ಹೋಗುವವರಿಗಲ್ಲ.

ನಮ್ಮ ಭಾಗದ ವಾರ್ಡಿನಲ್ಲಿ ಇನ್ನೊಂದು ಕೆಲಸವೂ ಅವರ ಮೇಲೆ ಬೀಳುತ್ತದೆ, ಯಾವ ಪಠ್ಯದಲ್ಲೂ ಅದು ಇರಲಿಕ್ಕಿಲ್ಲ. ಒಂದೇ ಸಾಲಿನ ಬೆಡ್ಡುಗಳಲ್ಲಿ ಕನ್ನಡ, ದಖನಿ ಉರ್ದು, ತೆಲುಗು, ಮರಾಠಿ, ಲಂಬಾಣಿ. ಬೆಂಗಳೂರು ಕಡೆಯ ಡಾಕ್ಟರ್ "ಎದೆ ಉರಿ ಇದೆಯಾ?" ಅಂತ ಕೇಳಿದ್ದು ತಾಂಡಾದ ಅಜ್ಜಿಗೆ ತಿಳಿಯದಿದ್ದಾಗ ನಡುವೆ ನಿಂತು ಮಾತು ದಾಟಿಸುವವರು ಆಯಾ.

ಗಾಲಿಯ ಮೇಲೆ

ಸ್ಟ್ರೆಚರ್ ತಳ್ಳುವುದು ತರಕಾರಿ ಗಾಡಿ ತಳ್ಳಿದ ಹಾಗೆ ಕಾಣುತ್ತದೆ. ಸಪಾಟು ನೆಲದಲ್ಲಿ ರೋಗಿಯ ಕಾಲು ಮುಂದೆ, ತಲೆ ತಳ್ಳುವವರ ಕಡೆ: ಮುಖ ಕಾಣುತ್ತಿರಬೇಕು, ಗೋಡೆಗೆ ತಾಗಿದರೂ ತಲೆಗೆ ಪೆಟ್ಟಾಗಬಾರದು. ರ‍್ಯಾಂಪ್ ಹತ್ತುವಾಗ ತಲೆ ಮುಂದೆ. ಗಾಲಿಕುರ್ಚಿಯನ್ನು ಇಳಿಜಾರಿನಲ್ಲಿ ತಿರುಗಿಸಿ, ಹಿಮ್ಮುಖವಾಗಿ ಇಳಿಸಬೇಕು, ಇಲ್ಲದಿದ್ದರೆ ರೋಗಿ ಮುಗ್ಗರಿಸುತ್ತಾರೆ. ಹತ್ತಿಸುವ ಇಳಿಸುವ ಮುಂಚೆ ಬ್ರೇಕ್.

ಆಕ್ಸಿಜನ್ ಮೇಲಿರುವವರಾದರೆ ಹೊರಡುವ ಮುಂಚೆ ಸಿಲಿಂಡರಿನ ಲೆಕ್ಕವೂ ಬೇಕು. ಸಾಮಾನ್ಯವಾಗಿ ಬಳಸುವ ಬಿ ಮಾದರಿಯ ತುಂಬಿದ ಸಿಲಿಂಡರಿನಲ್ಲಿ ಸುಮಾರು 1500 ಲೀಟರ್ ಇರುತ್ತದೆ. ನಿಮಿಷಕ್ಕೆ 5 ಲೀಟರಿನ ಹಾಗೆ 5 ತಾಸು ಬರುತ್ತದೆ, 10 ಲೀಟರಾದರೆ ಎರಡೂವರೆ ತಾಸು. ಕಾಲು ಭಾಗ ಉಳಿದ ಸಿಲಿಂಡರ್ ಹಿಡಿದು ಎಂಆರ್‌ಐ ಸರದಿಯಲ್ಲಿ ನಿಂತರೆ ಏನಾಗಬಹುದು ಅಂತ ನೀವೇ ಲೆಕ್ಕ ಹಾಕಿ. ಎಂಆರ್‌ಐ ಕೋಣೆಯೊಳಗೆ ಆ ಕಬ್ಬಿಣದ ಸಿಲಿಂಡರ್ ಒಯ್ಯುವಂತೆಯೇ ಇಲ್ಲ, ಯಂತ್ರದ ಅಯಸ್ಕಾಂತ ಅದನ್ನು ಎಳೆದುಕೊಳ್ಳುತ್ತದೆ.

ನಾಲ್ಕು ಬಣ್ಣದ ಡಬ್ಬಿ

ವಾರ್ಡಿನ ಮೂಲೆಯಲ್ಲಿರುವ ಬಣ್ಣದ ಡಬ್ಬಿಗಳು 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮಗಳಿಂದ ಬಂದವು. ಹಳದಿಗೆ ರಕ್ತ ಹತ್ತಿದ ಹತ್ತಿ, ಬ್ಯಾಂಡೇಜ್, ದೇಹದ ಭಾಗ, ಅವಧಿ ಮುಗಿದ ಔಷಧಿ. ಕೆಂಪಿಗೆ ಬಳಸಿದ ಪ್ಲಾಸ್ಟಿಕ್: ಸಲೈನ್ ಪೈಪು, ಉಚ್ಚೆ ಚೀಲ, ಕೈಗವಸು. ಬಿಳಿ ಡಬ್ಬಿಗೆ ಸೂಜಿ, ಬ್ಲೇಡು. ನೀಲಿಗೆ ಗಾಜು. ಇವುಗಳನ್ನು ಸಂಸ್ಕರಿಸದೆ 48 ತಾಸಿಗಿಂತ ಹೆಚ್ಚು ಇಟ್ಟುಕೊಳ್ಳಬಾರದು. ನಮ್ಮ ಚಾ ಕಪ್ಪು, ಬಾಳೆಹಣ್ಣಿನ ಸಿಪ್ಪೆ ಈ ಯಾವುದರಲ್ಲೂ ಬೀಳಬಾರದು.

ಕೆಂಪು ಚೀಲದೊಳಗೆ ಯಾರೋ ಅವಸರದಲ್ಲಿ ಎಸೆದ ಒಂದು ಸೂಜಿ, ಅದನ್ನು ಕಟ್ಟಿ ಎತ್ತುವ ಸಹಾಯಕರ ತೊಡೆಗೆ ಚುಚ್ಚುತ್ತದೆ. ಸೋಂಕಿನ ರಕ್ತವಿದ್ದ ಸೂಜಿ ಚುಚ್ಚಿದರೆ ಎಚ್‌ಐವಿ ತಗಲುವ ಸಾಧ್ಯತೆ ಸುಮಾರು ಶೇ. 0.3. ಎಲ್ಲರೂ ಹೆದರುವುದು ಅದಕ್ಕೆ. ಹೆಪಟೈಟಿಸ್ ಬಿ ಲಸಿಕೆ ಹಾಕಿಸಿಕೊಳ್ಳದವರಿಗೆ ಆ ಕಾಮಾಲೆ ತಗಲುವ ಸಾಧ್ಯತೆ ಶೇ. 30ರವರೆಗೂ ಇದೆ. ತ್ಯಾಜ್ಯ ಮುಟ್ಟುವ ಎಲ್ಲ ಕೆಲಸಗಾರರಿಗೂ ಹೆಪಟೈಟಿಸ್ ಬಿ ಮತ್ತು ಧನುರ್ವಾಯು ಲಸಿಕೆ ಹಾಕಿಸುವುದು ಆಸ್ಪತ್ರೆಯ ಹೊಣೆ ಅಂತ ಅದೇ ನಿಯಮಗಳಲ್ಲಿದೆ. ಹೆಪಟೈಟಿಸ್ ಬಿಗೆ ಮೂರು ಡೋಸು: ಮೊದಲ ದಿನ, ಒಂದು ತಿಂಗಳಿಗೆ, ಆರು ತಿಂಗಳಿಗೆ.

ಚುಚ್ಚಿದರೆ ಹಿಂಡಬಾರದು, ಬಾಯಿಂದ ಹೀರಬಾರದು. ಸಾಬೂನು, ಹರಿಯುವ ನೀರು, ಕೂಡಲೇ ಮೇಲಿನವರಿಗೆ ತಿಳಿಸುವುದು. ಎಚ್‌ಐವಿ ತಡೆಯುವ ಗುಳಿಗೆ ಆದಷ್ಟು ಎರಡು ತಾಸಿನೊಳಗೆ, ತಡವೆಂದರೆ 72 ತಾಸಿನೊಳಗೆ ಶುರುವಾಗಬೇಕು, 28 ದಿನ ತಪ್ಪದೆ ನುಂಗಬೇಕು. ಬೈಗುಳಕ್ಕೆ ಹೆದರಿ ಮುಚ್ಚಿಟ್ಟವರು ಕಳೆದುಕೊಳ್ಳುವುದು ಈ ತಾಸುಗಳನ್ನು.

ಕೊನೆಯ ಸೇವೆ

ವಾರ್ಡಿನಲ್ಲಿ ಯಾರಾದರೂ ತೀರಿಕೊಂಡರೆ ಕಣ್ಣು ಮುಚ್ಚಿಸಿ, ಗದ್ದ ಕಟ್ಟಿ, ಕೈಕಾಲು ನೆಟ್ಟಗೆ ಮಾಡಿ, ಮೈ ಒರೆಸಿ, ಹೆಸರಿನ ಚೀಟಿ ಕಟ್ಟುವವರು ಸಹಾಯಕರೇ. ಮೈ ಸೆಟೆಯುವ ಮುಂಚೆ ಇದಾಗಬೇಕು. ಅಪಘಾತ, ವಿಷ, ಸುಟ್ಟ ಗಾಯದಂಥ ಪೊಲೀಸ್ ಕೇಸಾದರೆ ನಳಿಕೆ, ಬಟ್ಟೆ ಯಾವುದನ್ನೂ ಹೇಳದೆ ತೆಗೆಯುವಂತಿಲ್ಲ. ಪೋಸ್ಟ್ ಮಾರ್ಟಂ ಇರುತ್ತದೆ. "ಮೈ ತೊಳೆದು ಕೊಡ್ರಿ" ಅಂತ ಅಳುವವರಿಗೆ ಅವರು ಆಗಲ್ಲ ಅನ್ನಬೇಕಾಗುವುದು ಅದಕ್ಕೆ.

ಸಂಬಳ ಯಾರು ಕೊಡುತ್ತಾರೆ?

ಹಳೆಯ ಕಾಯಂ ಡಿ ಗ್ರೂಪ್ ನೌಕರರು ನಿವೃತ್ತರಾಗುತ್ತಿದ್ದಂತೆ ಬಹುಪಾಲು ಜಾಗಗಳಿಗೆ ಹೊರಗುತ್ತಿಗೆಯವರು ಬಂದಿದ್ದಾರೆ. ದುಡಿಯುವುದು ಆಸ್ಪತ್ರೆಯಲ್ಲಿ, ಸಂಬಳ ಏಜೆನ್ಸಿಯಿಂದ. ತಿಂಗಳ ಸಂಬಳ 21,000 ರೂಪಾಯಿಯೊಳಗಿದ್ದರೆ ಇಎಸ್‌ಐ, ಅಂದರೆ ಕಾರ್ಮಿಕರ ವಿಮೆ, ಅನ್ವಯಿಸುತ್ತದೆ: ಕೆಲಸಗಾರರಿಂದ ಶೇ. 0.75, ಮಾಲೀಕರಿಂದ ಶೇ. 3.25. ಉದಾಹರಣೆಗೆ 14,000 ಸಂಬಳವಾದರೆ ಇವರ ಕಡೆಯಿಂದ 105, ಏಜೆನ್ಸಿಯ ಕಡೆಯಿಂದ 455 ರೂಪಾಯಿ. ಪಿಎಫ್‌ಗೆ ಇಬ್ಬರಿಂದಲೂ ಶೇ. 12ರಂತೆ. ಕಡಿತವಾದದ್ದು ನಿಜವಾಗಿ ಜಮಾ ಆಗಿದೆಯೇ ಅಂತ ಪಿಎಫ್ ಖಾತೆಯ ಯುಎಎನ್ ನಂಬರಿನಿಂದ ಮೊಬೈಲಿನಲ್ಲೇ ನೋಡಬಹುದು.

ಸ್ಟ್ರೆಚರಿಗೆ ನೂರು, ಗಂಡು ಮಗುವಾದರೆ ಐನೂರು ಅಂತ ಕೆಲವು ಕಡೆ ಕೇಳುವುದೂ ಉಂಟು. ಸರ್ಕಾರಿ ಆಸ್ಪತ್ರೆಯಲ್ಲಿ ಅದು ಯಾರ ಹಕ್ಕೂ ಅಲ್ಲ, ವೈದ್ಯಕೀಯ ಅಧೀಕ್ಷಕರ ಕಚೇರಿಗೆ ಬರೆದುಕೊಡಬಹುದು. ನಮ್ಮ ಆಯಾ ಚಾಕ್ಕೆ ಅಂತ ಕೊಟ್ಟ ರೊಕ್ಕ ಮುಟ್ಟಲಿಲ್ಲ. ಕಿಟಕಿಯಲ್ಲಿಟ್ಟಿದ್ದ ರೊಟ್ಟಿ ಡಬ್ಬಿಯನ್ನು ಮಾತ್ರ ಕೇಳಿ ಒಯ್ದರು.

ಕೋರ್ಸ್ ಸೇರುವ ಮುಂಚೆ

ಬೋರ್ಡಿನಲ್ಲಿ "ಆರು ತಿಂಗಳ ನರ್ಸಿಂಗ್" ಅಂತಿದ್ದರೆ ಅದರಿಂದ ನರ್ಸ್ ಆಗುವುದಿಲ್ಲ, ನರ್ಸಿಂಗ್ ಕೌನ್ಸಿಲ್ಲಿನಲ್ಲಿ ನೋಂದಣಿ ಸಿಗುವುದಿಲ್ಲ. ಜಿಡಿಎ ತರಬೇತಿಯಾದರೆ ಸರ್ಟಿಫಿಕೇಟ್ ಈ ಕೌಶಲಗಳಿಗೆ ಮಾನ್ಯತೆ ಕೊಡುವ ಹೆಲ್ತ್‌ಕೇರ್ ಸೆಕ್ಟರ್ ಸ್ಕಿಲ್ ಕೌನ್ಸಿಲ್ಲಿನದೋ, ಇಲ್ಲ ಆ ಸಂಸ್ಥೆಯವರು ತಾವೇ ಅಚ್ಚು ಹಾಕಿಸಿದ್ದೋ ಕೇಳಿ. ಪ್ರಾಕ್ಟಿಕಲ್ ಯಾವ ಆಸ್ಪತ್ರೆಯಲ್ಲಿ, ಎಷ್ಟು ದಿನ ಅಂತ ಕೇಳಿ. ಗೊಂಬೆಯ ಮೇಲೆ ಮಾತ್ರ ಕಲಿತವರಿಗೆ ಮೊದಲ ದಿನದ ವಾಸನೆಯೇ ತಡೆಯಲಾಗುವುದಿಲ್ಲ. ವಿದೇಶದ ಆಸೆ ತೋರಿಸಿ ಲಕ್ಷ ಕೇಳುವವರಿದ್ದರೆ ಇದೊಂದು ಗೊತ್ತಿರಲಿ: ಕೇರ್ ವರ್ಕರ್ ಹುದ್ದೆಗೆ ಹೊರದೇಶಗಳಿಂದ ಹೊಸದಾಗಿ ಜನರನ್ನು ಕರೆಸಿಕೊಳ್ಳುವ ವೀಸಾ ದಾರಿಯನ್ನು ಬ್ರಿಟನ್ 2025ರ ಜುಲೈ 22ಕ್ಕೆ ಮುಚ್ಚಿದೆ.

ಡಿಸ್ಚಾರ್ಜಿನ ದಿನ

ಮಲಗಿದಲ್ಲೇ ಇರುವ ರೋಗಿಯನ್ನು ಮನೆಗೆ ಕರೆದೊಯ್ಯುವ ಮುಂಚೆ ಮೂರು ಕೆಲಸ ಕಲಿತು ಹೊರಡಿ: ಹೊಳ್ಳಿಸುವುದು, ಮಲಗಿದ್ದವರ ಚಾದರ ಬದಲಿಸುವುದು, ಉಚ್ಚೆ ಚೀಲ ಖಾಲಿ ಮಾಡುವುದು. ಅವರು ಮಾಡಿದ್ದನ್ನು ನೋಡಿದರೆ ಸಾಲದು, ಅವರ ಎದುರಿಗೆ ನೀವು ಒಮ್ಮೆ ಮಾಡಿ.

ಒಂಬತ್ತನೇ ದಿನ ಕಾಕು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬೆಡ್ಡಿನ ಪಕ್ಕ ನಿಂತಳು. ಮೊಣಕಾಲು ಮಡಚಿದಳು, ಕೈ ಎದೆಯ ಮೇಲಿಟ್ಟಳು, ಭುಜಕ್ಕೊಂದು ಕೈ, ಸೊಂಟಕ್ಕೊಂದು ಕೈ. ಜಗ್ಗಿದಳು. ಕಾಕಾ ಅಲುಗಲಿಲ್ಲ. "ತೋಳಿಲೆ ಜಗ್ಗಬ್ಯಾಡವ್ವಾ," ಅಂದರು ಆಯಾ, "ಬಾವ್ಯಾಗಿಂದ ಕೊಡ ಸೇದೂ ಮುಂದ ಹ್ಯಾಂಗ ಹಿಂದಕ ವಾಲ್ತಿ? ಹಾಂಗ ವಾಲು." ಕಾಕು ಒಂದು ಕಾಲು ಹಿಂದಿಟ್ಟು ವಾಲಿದಳು.